ಗೊರಕೆ ನಿಂತಾಗ ಎಚ್ಚರ!

ಗೊರಕೆ ಅಂದ್ರೆ ನಮ್ಮ ಕಡೆ ನಗೆಪಾಟಲು. ಕೊಳ್ಳೇಗಾಲದಿಂದ ಬೆಳಗಿನ ಬಸ್ಸು ಹತ್ತಿದವನು ಯಳಂದೂರು ಬರೋಕೆ ಮುಂಚೆಯೇ ಗೊರಕೆ ಶುರು ಮಾಡಿದರೆ, ‘ಪುಣ್ಯವಂತ ಬುಡಿ, ಕುಂತಲ್ಲೇ ನಿದ್ದೆ’ ಅಂತಾರೆ. ರಾತ್ರಿಯೆಲ್ಲ ಮಲಗಿದವನಿಗೆ ಬೆಳಗ್ಗೆ ಇಷ್ಟು ನಿದ್ದೆ ಯಾಕೆ ಅಂತ ಯಾರೂ ಕೇಳೋದಿಲ್ಲ.

ಕೇಳಬೇಕಾದ್ದು ಅದನ್ನೇ. ಗೊರಕೆಯ ಸದ್ದಿಗಿಂತ ಹೆಚ್ಚಾಗಿ ನಡುವೆ ಆ ಸದ್ದು ಗಕ್ಕನೆ ನಿಲ್ಲುವುದನ್ನು ಗಮನಿಸಬೇಕು. ಆಗ ಗಂಟಲಿನ ದಾರಿ ಮುಚ್ಚಿ ಉಸಿರೇ ನಿಂತಿರುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಮಲಗಿದವನು ಏದುಸಿರು ಬಿಟ್ಟು ಮತ್ತೆ ಮಲಗುತ್ತಾನೆ. ಬೆಳಗ್ಗೆ ಅವನಿಗೆ ನೆನಪೇ ಇರೋದಿಲ್ಲ. ಇದಕ್ಕೆ ವೈದ್ಯರು ‘ಸ್ಲೀಪ್ ಆಪ್ನಿಯಾ’ ಅಂತಾರೆ. ಹೀಗೆ 10 ಸೆಕೆಂಡಿಗೂ ಹೆಚ್ಚು ಉಸಿರು ಕಟ್ಟುವುದು ಗಂಟೆಗೆ 5 ಸಲ ಆದರೆ ಕಾಯಿಲೆಯ ಸೂಚನೆ. 30 ದಾಟಿದರೆ ತೀವ್ರ.

ಮೈಕಾವಲು ಸಡಿಲ

ನಿದ್ದೆ ಅಂದ್ರೆ ಬರೀ ವಿಶ್ರಾಂತಿಯಲ್ಲ. ರೋಗಗಳನ್ನು ತಡೆಯುವ ಮೈಕಾವಲು ಸಜ್ಜಾಗೋದು ಆ ಹೊತ್ತಿನಲ್ಲೇ. ಷಿಕಾಗೋದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ: ಕೆಲವು ದಿನ ರಾತ್ರಿಗೆ 4 ಗಂಟೆ ಮಾತ್ರ ಮಲಗಿದ ಯುವಕರಿಗೆ ಫ್ಲೂ ಲಸಿಕೆ ಹಾಕಿದರು. 10 ದಿನದ ನಂತರ ನೋಡಿದರೆ, ಚೆನ್ನಾಗಿ ಮಲಗಿದವರಿಗೆ ಹೋಲಿಸಿದಾಗ ಅವರಲ್ಲಿ ರೋಗನಿರೋಧಕ ಕಣಗಳು ಅರ್ಧಕ್ಕಿಂತ ಕಡಿಮೆ. ಅದು ಬರೀ ನಿದ್ದೆಗೆಟ್ಟವರ ಕತೆ. ಉಸಿರೂ ಕಟ್ಟಿದರೆ ಆಮ್ಲಜನಕ ರಾತ್ರಿಯಿಡೀ ಏರಿಳಿದು ಮೈಯೊಳಗೆ ಉರಿಯೂತ ಹೊಗೆಯಾಡುತ್ತಲೇ ಇರುತ್ತದೆ.

ಕ್ಯಾನ್ಸರ್ ಮಾತು

ಆಮ್ಲಜನಕ ಕಡಿಮೆಯಾದಾಗ ಜೀವಕೋಶಗಳು ಹೊಸ ರಕ್ತನಾಳ ಬೆಳೆಸಿಕೊಳ್ಳಲು ಹವಣಿಸುತ್ತವೆ. ಗಡ್ಡೆಗೂ ಬೇಕಾದ್ದು ಅದೇ. ಸಂಶಯ ಹುಟ್ಟಿದ್ದು ಇಲ್ಲಿಂದ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1,522 ಜನರನ್ನು 22 ವರ್ಷ ಗಮನಿಸಿ 2012ರಲ್ಲಿ ಕೊಟ್ಟ ವರದಿಯಲ್ಲಿ, ತೀವ್ರ ಆಪ್ನಿಯಾ ಇದ್ದವರು ಕ್ಯಾನ್ಸರಿನಿಂದ ಸತ್ತ ಪ್ರಮಾಣ ಉಳಿದವರಿಗಿಂತ ಸುಮಾರು 5 ಪಟ್ಟು. ಆದರೆ 2014ರಲ್ಲಿ ಕೆನಡಾದವರು 10 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದಾಗ ಒಟ್ಟಾರೆ ಅಂಥ ನಂಟು ಕಾಣಲಿಲ್ಲ. ಅಂದ್ರೆ ಸಂಶಯ ಇದೆ, ತೀರ್ಪು ಬಂದಿಲ್ಲ. ಬೀಡಿ, ಹೊಗೆಸೊಪ್ಪಿನ ವಿಷಯದಲ್ಲಿ ತೀರ್ಪು ಎಂದೋ ಬಂದಿದೆ. ಅದನ್ನು ಬಿಡದೆ ಗೊರಕೆಗೆ ಹೆದರಿದರೆ ಏನು ಬಂತು?

ಬೆಟ್ಟದ ಲೆಕ್ಕವೇ ಬೇರೆ

ಬಿಳಿಗಿರಿರಂಗನ ಬೆಟ್ಟಕ್ಕೆ ಬಂದರೆ ಈ ಮಾತಿಗೆ ಇನ್ನೊಂದು ಮುಖವಿದೆ. ಇಲ್ಲಿನ ಸೋಲಿಗರ ಪೋಡುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ವಂಶಪಾರಂಪರ್ಯವಾಗಿ ಬಂದ ಕಾಯಿಲೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದೂ ದೂರದಲ್ಲೇನಲ್ಲ, ನೀಲಗಿರಿಯ ಗಿರಿಜನರಲ್ಲಿ, 1952ರಲ್ಲಿ. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಮೇಲೆ ಪೋಡುಗಳಿಗೆ ವೈದ್ಯ ಹತ್ತಿರವಾದ, ಈ ಕಾಯಿಲೆಯೂ ಲೆಕ್ಕಕ್ಕೆ ಸಿಕ್ಕಿತು.

ಈ ಕಾಯಿಲೆಯಲ್ಲಿ ಆಮ್ಲಜನಕ ಇಳಿದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ ಹಿಡಿದು ತಡೆಯಲಾರದ ನೋವು. ಸೋಂಕು ತಡೆಯುವ ಗುಲ್ಮವಂತೂ ಬಾಲ್ಯದಲ್ಲೇ ಸೊರಗುತ್ತದೆ. ಮೊದಲೇ ಮೈಕಾವಲು ಕುಂದಿದ ಮಗುವಿಗೆ ರಾತ್ರಿ ಉಸಿರೂ ಕಟ್ಟಿದರೆ ಗತಿ ಏನು? ಸಿಕಲ್ ಸೆಲ್ ಇರುವ ಮಕ್ಕಳಲ್ಲಿ ಆಪ್ನಿಯಾ ಹೆಚ್ಚು ಅನ್ನೋದು ವೈದ್ಯರಿಗೆ ಗೊತ್ತಿರುವ ವಿಷಯ. ಎಷ್ಟೋ ಸಲ ಕಾರಣ ದಪ್ಪಗಾದ ಟಾನ್ಸಿಲ್. ತೆಗೆಸಿದರೆ ಹೆಚ್ಚಿನ ಮಕ್ಕಳು ಸುಧಾರಿಸುತ್ತಾರೆ.

ಎರಡು ಪ್ರಶ್ನೆ ಸಾಕು

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ರಕ್ತ ತೆಗೆಯುವ ಕೈ ಹಾಗೇ ತಾಯಿಯನ್ನು ಎರಡು ಮಾತು ಕೇಳಲಿ: ‘ಮಗು ಗೊರಕೆ ಹೊಡೀತದಾ? ನಡುವೆ ಉಸಿರು ನಿಲ್ತದಾ?’ ಇದಕ್ಕೆ ಯಂತ್ರ ಬೇಡ, ಬಜೆಟ್ಟೂ ಬೇಡ. ‘ಹೌದು’ ಅಂದವರನ್ನು ಮಾತ್ರ ಮುಂದಿನ ಪರೀಕ್ಷೆಗೆ ಕಳಿಸಿದರಾಯಿತು. ಪೋಡಿನಿಂದ ಮೈಸೂರಿಗೆ ಹೋಗಿ ಒಂದು ರಾತ್ರಿ ಮಲಗಿ ಬರೋದು ಅಂದ್ರೆ ಕೂಲಿ ಹೋಯಿತು, ಬಸ್ ಚಾರ್ಜು ಬಿತ್ತು. ಸುಮ್ಮಸುಮ್ಮನೆ ಅಲೆಸೋದು ಬೇಡ.

ಪೇಟೆಯವರಿಗೂ ಇದೇ ಮಾತು. ಗಲ್ಲಾ ಪೆಟ್ಟಿಗೆ ಮುಂದೆ ತೂಕಡಿಕೆ, ಬೆಳಗ್ಗೆ ತಲೆನೋವು, ಹಿಡಿತಕ್ಕೆ ಸಿಗದ ಬೀಪಿ, ದಪ್ಪ ಕುತ್ತಿಗೆ ಇದ್ದರೆ ಡಾಕ್ಟರಿಗೆ ಹೇಳಿ. ಸಣಕಲಾಗಿದ್ದವರಿಗೂ ಬರಬಹುದು. ತೂಕ ಇಳಿಸಿ, ರಾತ್ರಿ ಗುಂಡು ಬಿಡಿ, ಮಗ್ಗುಲಾಗಿ ಮಲಗಿ. ತೀವ್ರವಾಗಿದ್ದರೆ ಮೂಗಿಗೆ ಗಾಳಿ ಒತ್ತುವ ಯಂತ್ರವಿದೆ. ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಲೋಕಕ್ಕೆ ಕೊಟ್ಟದ್ದು. ಹೇಳದೆ ಕೇಳದೆ ನಿದ್ದೆ ಮಾತ್ರೆ ನುಂಗಬೇಡಿ, ಉಸಿರು ಇನ್ನೂ ಕಟ್ಟೀತು. ಘಾಟಿಯಲ್ಲಿ ಬಸ್ಸು, ಲಾರಿ ಓಡಿಸುವವರಂತೂ ತಡ ಮಾಡಬಾರದು. ಅವರ ಒಂದು ತೂಕಡಿಕೆಗೆ ಐವತ್ತು ಜೀವ.

ಉಸಿರು ನಿಂತದ್ದು ಮಲಗಿದವನಿಗೆ ತಿಳಿಯೋದಿಲ್ಲ, ಪಕ್ಕದಲ್ಲಿ ಎಚ್ಚರವಾಗಿದ್ದವರಿಗೆ ತಿಳಿಯುತ್ತದೆ. ಇನ್ನು ಮೇಲೆ ಅವರು ನಕ್ಕು ಮಗ್ಗುಲಾಗದೆ, ಬೆಳಗಾದ ಮೇಲೆ ಬಾಯಿಬಿಟ್ಟು ಹೇಳಲಿ.