ನಿಮಗಿದು ಗೊತ್ತೇ? ಲ್ಯಾಪ್‌ಟಾಪ್ ಮುಂದಿನವನದ್ದು, ಅಂಕ ಹೋದದ್ದು ನಿಮ್ಮದು!

ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ತೆರೆದು ಇನ್ನೇನೋ ನೋಡುತ್ತ ಕೂತವನ ತಲೆಗೆ ಪಾಠ ಹತ್ತುವುದಿಲ್ಲ. ಅವನ ಹಿಂದೆ ಕೂತವರ ಗತಿ? ಕೆನಡಾದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠದ ನಡುವೆ ಬೇರೆ ಕೆಲಸವನ್ನೂ ಮಾಡಿದವರು ಪರೀಕ್ಷೆಯಲ್ಲಿ ಶೇ. 11ರಷ್ಟು ಹಿಂದೆ ಬಿದ್ದರು. ಇನ್ನೊಂದು ಪ್ರಯೋಗದಲ್ಲಿ, ಪೆನ್ಸಿಲ್ ಹಿಡಿದು ತಮ್ಮ ಪಾಡಿಗೆ ನೋಟ್ಸ್ ಬರೆಯುತ್ತಿದ್ದರೂ ಇಂಥವರ ಪರದೆ ಕಣ್ಣಿಗೆ ಬೀಳುವಲ್ಲಿ ಕೂತಿದ್ದವರು ಕಳೆದುಕೊಂಡದ್ದು ಶೇ. 17! ಲ್ಯಾಪ್‌ಟಾಪ್ ಬೇಕೆನ್ನುವವರು ಹಿಂದಿನ ಸಾಲಿನಲ್ಲಿ ಕೂರಬೇಕು ಎಂದು ಕೆಲವು ಅಧ್ಯಾಪಕರು ನಿಯಮ ಮಾಡುವುದು ಇದಕ್ಕೇ. ನಮ್ಮ ಲಾಸ್ಟ್ ಬೆಂಚಿನವರಿಗೆ ಈ ನಿಯಮದಿಂದ ಯಾವ ತೊಂದರೆಯೂ ಇಲ್ಲ.

ಚಿಕಾಗೊ ವಿಶ್ವವಿದ್ಯಾಲಯದ ಕಾನೂನು ಕಾಲೇಜು 2008ರಲ್ಲಿ ತರಗತಿಗಳ ಇಂಟರ್‌ನೆಟ್ಟನ್ನೇ ಕಡಿದುಹಾಕಿತು. ಈಗಾಗಿದ್ದರೆ ಹುಡುಗರು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ನಕ್ಕುಬಿಡುತ್ತಿದ್ದರು.

ಒಕ್ಲಹೋಮದ ಭೌತಶಾಸ್ತ್ರದ ಮೇಷ್ಟ್ರೊಬ್ಬರು 2010ರಲ್ಲಿ ಲ್ಯಾಪ್‌ಟಾಪೊಂದನ್ನು ದ್ರವ ಸಾರಜನಕದಲ್ಲಿ ಅದ್ದಿ, ನೆಲಕ್ಕೆ ಬಡಿದು ಚೂರುಚೂರು ಮಾಡಿದರು. ಮೊದಲೇ ಸಿದ್ಧಮಾಡಿಕೊಂಡ ನಾಟಕವಷ್ಟೇ. ಆದರೆ −196 ಡಿಗ್ರಿಯ ಎಚ್ಚರಿಕೆಯನ್ನು ಯಾರು ಮರೆಯುತ್ತಾರೆ?

ಡ್ಯೂಕ್ ವಿಶ್ವವಿದ್ಯಾಲಯದ್ದು ತದ್ವಿರುದ್ಧ ದಾರಿ: 2004ರಲ್ಲಿ ಹೊಸದಾಗಿ ಸೇರಿದವರಿಗೆಲ್ಲ ತಾನೇ ಐಪಾಡ್ ಹಂಚಿತು, ಪಾಠ ರೆಕಾರ್ಡ್ ಮಾಡಿಕೊಳ್ಳಲಿ ಎಂದು. ಹಾಡು ಕೇಳಿದವರೆಷ್ಟು ಎಂದು ಕೇಳಬೇಡಿ.

ಕೈಯಲ್ಲಿ ಬರೆದರೇ ಮೇಲು ಎನ್ನುವವರೆಲ್ಲ ತೋರಿಸುವ ಅಮೆರಿಕದ ಅಧ್ಯಯನವೊಂದಿದೆ, 2014ರದ್ದು. ಟೈಪ್ ಮಾಡುವವರು ಉಪನ್ಯಾಸವನ್ನು ಅಕ್ಷರಶಃ ಇಳಿಸಿಕೊಳ್ಳುತ್ತಾರೆ, ಅರ್ಥ ಮಾಡಿಕೊಳ್ಳುವುದು ಕಡಿಮೆ ಎಂದು ಅದು ಹೇಳಿತು. ‘ಹಾಗೆ ಇಳಿಸಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದು ಮೊದಲೇ ಹೇಳಿದರೂ ಚಾಳಿ ಬಿಡಲಿಲ್ಲವಂತೆ. ಮುಂದೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅಕ್ಷರಶಃ ಇಳಿಸುವ ಚಾಳಿ ಮತ್ತೆ ಕಂಡಿತು, ಅಂಕಗಳಲ್ಲಿ ಮಾತ್ರ ಅಂಥ ವ್ಯತ್ಯಾಸ ಸಿಗಲಿಲ್ಲ. ಈ ಎರಡನೇ ಸುದ್ದಿ ಸ್ಟಾಫ್ ರೂಮಿಗೆ ಇನ್ನೂ ತಲುಪಿದಂತಿಲ್ಲ.

ಮೇಷ್ಟ್ರು ಡಸ್ಟರ್ ಎತ್ತಿದ್ದೇ ತಡ, ‘ಸರ್, ಒಂದ್ನಿಮಿಷ’ ಎಂದು ಹತ್ತಾರು ಮೊಬೈಲುಗಳು ಬೋರ್ಡಿಗೆ ಗುರಿಯಿಡುತ್ತವೆ. ಫೋಟೊ ಗ್ರೂಪಿಗೆ ಹೋಗುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿವರೆಗೆ ಅಲ್ಲೇ ಇರುತ್ತದೆ. ಇದಕ್ಕೆ ಹತ್ತಿರದ ಒಂದು ಪ್ರಯೋಗ ಮ್ಯೂಸಿಯಮ್ಮಿನಲ್ಲಿ ನಡೆದಿತ್ತು: ಬರೀ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳೇ ಜನರಿಗೆ ಕಡಿಮೆ ನೆನಪಿದ್ದವು. ಸ್ವಾರಸ್ಯವೆಂದರೆ, ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ಹಾಗಾಗಲಿಲ್ಲ.

ಎಂಜಿನಿಯರಿಂಗ್ ಓದಿನುದ್ದಕ್ಕೂ ಕೈಬಿಡದ ಕ್ಯಾಲ್ಕುಲೇಟರ್‌ಗೆ ಗೇಟ್ ಪರೀಕ್ಷೆಯಲ್ಲಿ ಪ್ರವೇಶವಿಲ್ಲ. ಪರದೆಯ ಮೇಲೆ ಮೂಡುವ ಕ್ಯಾಲ್ಕುಲೇಟರನ್ನೇ ಮೌಸ್‌ನಲ್ಲಿ ಒತ್ತಬೇಕು.

ಕ್ಲಾಸಿನಲ್ಲಿ ಯಾವ ಸಾಧನವೂ ಬೇಡ ಎನ್ನುವವರು ಎನ್‌ವಿಡಿಎ ಬಗ್ಗೆ ತಿಳಿದಿರಬೇಕು. ಪರದೆಯ ಮೇಲಿನದನ್ನು ಓದಿಹೇಳುವ ಈ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಲ್ಯಾಪ್‌ಟಾಪೇ ಪುಸ್ತಕ. ಅವರಿಗಷ್ಟೇ ವಿನಾಯಿತಿ ಕೊಟ್ಟರಾಯಿತು ಎನ್ನುತ್ತೀರಾ? ಹಾಗಿದ್ದರೆ ಡಿಸ್ಲೆಕ್ಸಿಯಾ ಇರುವ ಹುಡುಗಿಗೂ ಕೊಡಬೇಕು. ಆಗ ಇಡೀ ಕ್ಲಾಸಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುವವಳು ಅವಳೊಬ್ಬಳೇ. ‘ನಿನಗೆ ಮಾತ್ರ ಯಾಕೆ ಬಿಟ್ಟಿದ್ದಾರೆ?’ ಎಂದು ಕೇಳುವವರಿಗೆಲ್ಲ ಉತ್ತರ ಕೊಡಬೇಕಾದವಳೂ ಅವಳೇ.