ಗೋಲ್‌ಮಾಲ್‌ನ ಬಾಸ್‌ಗೆ ಮುಂಬೈ ಯಾಕೆ ಬೇಕಿತ್ತು?

ಮೀಸೆ ಇಲ್ಲದವನನ್ನ ನಂಬಬಾರದು ಅಂತ ಹಟ ಹಿಡಿದು ಕೂತ ಆ ಬಾಸ್ ನೆನಪಿದ್ದಾರಾ? 1979ರ ‘ಗೋಲ್‌ಮಾಲ್’ನ ಭವಾನಿ ಶಂಕರ್. ಅದೇ ಕತೆ 1990ರಲ್ಲಿ ಕನ್ನಡದಲ್ಲಿ ‘ಆಸೆಗೊಬ್ಬ ಮೀಸೆಗೊಬ್ಬ’ ಆಯ್ತು. ಆ ಪಾತ್ರ ಮಾಡಿದ ಉತ್ಪಲ್ ದತ್ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಮುಂಬೈನ ಕಾಮಿಡಿ ನಟ, ಅಷ್ಟೇ. ಕೋಲ್ಕತಾದವರ ಹತ್ರ ಹಾಗೆ ಹೇಳಿ ನೋಡಿ!

ಹುಟ್ಟಿದ್ದು 1929ರಲ್ಲಿ. ಕಾಲೇಜು ದಿನಗಳಲ್ಲೇ ಜೆಫ್ರಿ ಕೆಂಡಲ್ ಅವರ ಶೇಕ್ಸ್‌ಪಿಯರ್ ತಂಡದ ಜೊತೆ ನಟಿಸಿದವರು. ಆಮೇಲೆ ಅವರದೇ ಲಿಟಲ್ ಥಿಯೇಟರ್ ಗ್ರೂಪ್. ಮೊದಮೊದಲು ಇಂಗ್ಲಿಷ್ ನಾಟಕ. ಇಂಗ್ಲಿಷ್ ಬಲ್ಲ ನಾಲ್ಕು ಜನಕ್ಕೆ ಆಡಿ ಏನು ಬಂತು ಅಂತ ಬಂಗಾಳಿಗೆ ತಿರುಗಿದರು.

1965ರಲ್ಲಿ ಅಲ್ಲಿನ ಮಿನರ್ವಾ ಥಿಯೇಟರ್‌ನಲ್ಲಿ ‘ಕಲ್ಲೋಲ್’ ಬಂತು. ವಸ್ತು ಮಾತ್ರ ಮುಂಬೈದು: 1946ರ ಫೆಬ್ರವರಿಯಲ್ಲಿ ಇಲ್ಲಿನ ಬಂದರಿನಲ್ಲಿ ನಡೆದ ನೌಕಾಪಡೆಯ ನಾವಿಕರ ಬಂಡಾಯ. ಕೆಟ್ಟ ಊಟ, ಬ್ರಿಟಿಷ್ ಅಧಿಕಾರಿಗಳ ಬೈಗುಳ, ಇದರಿಂದ ಶುರುವಾದ ಮುಷ್ಕರ ಅದು. ಆಗ ದೊಡ್ಡ ನಾಯಕರು ನಾವಿಕರ ಕೈ ಬಿಟ್ಟರು ಅಂತ ನಾಟಕ ನೇರವಾಗಿ ಹೇಳ್ತಿತ್ತು. ಅದೇ ವರ್ಷ ಸರ್ಕಾರ ಉತ್ಪಲ್ ದತ್‌ರನ್ನ ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಜೈಲಲ್ಲಿಟ್ಟಿತು. ನಾಟಕ ನಿಲ್ಲಲಿಲ್ಲ.

ಸರಿ, ಇಂಥವರು ಹಿಂದಿ ಸಿನಿಮಾಗೆ ಯಾಕೆ ಬಂದರು? ದುಡ್ಡಿಗೆ. ಟಿಕೆಟ್ ಮಾರಿ ಅಂಥ ದೊಡ್ಡ ತಂಡ ಸಾಕೋದು ಕಷ್ಟ. ಮುಂಬೈ ಸಂಪಾದನೆ ಕೋಲ್ಕತಾದ ನಾಟಕಕ್ಕೆ ಹೋಗ್ತಿತ್ತು. ಅದಕ್ಕೇ ಸುಮಾರಾದ ಸಿನಿಮಾಗಳನ್ನೂ ಬೇಕಾದಷ್ಟು ಒಪ್ಪಿಕೊಂಡರು. ಐರೋಲಿಯಲ್ಲೋ ಪೊವಾಯಿಯಲ್ಲೋ ವಾರವಿಡೀ ಕೋಡ್ ಬರೆದು, ಶನಿವಾರ ಮಾಟುಂಗಾದಲ್ಲಿ ಕನ್ನಡ ನಾಟಕದ ರಿಹರ್ಸಲ್‌ಗೆ ಓಡೋರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಆದ್ರೆ ‘ಬರೀ ದುಡ್ಡಿಗೆ’ ಅನ್ನೋ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. 1969ರ ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ ನೋಡಿ. ಬಿಗುಮಾನದ ರೈಲ್ವೆ ಅಧಿಕಾರಿ ಹಕ್ಕಿ ಹೊಡೆಯೋಕೆ ಸೌರಾಷ್ಟ್ರಕ್ಕೆ ಹೋಗಿ, ಒಬ್ಬ ಹಳ್ಳಿ ಹುಡುಗಿಯ ಮುಂದೆ ಪೆಚ್ಚಾಗ್ತಾನೆ. ರಾಷ್ಟ್ರಪ್ರಶಸ್ತಿ ಬಂದಿದ್ದು ಆ ಪಾತ್ರಕ್ಕೆ. ಹತ್ತು ವರ್ಷದ ಮೇಲೆ ಹೃಷಿಕೇಶ್ ಮುಖರ್ಜಿ ಅವರ ಭವಾನಿ ಶಂಕರ್ ಆಗಿ ಬಂದವನೂ ಅದೇ ಜಾತಿಯ ಸಾಹೇಬ, ದನಿ ಮಾತ್ರ ಜೋರು. ಅಧಿಕಾರದ ಗತ್ತನ್ನ ಜೈಲಿನ ಒಳಗಿಂದ ಕಂಡ ಮನುಷ್ಯ ಅದನ್ನ ಇಷ್ಟು ಸಲೀಸಾಗಿ ಗೇಲಿ ಮಾಡ್ತಾರೆ! ಕೊನೇ ಸಾಲಿನ ಪ್ರೇಕ್ಷಕನಿಗೂ ಕೇಳಿಸೋ ಹಾಗೆ ಮಾತಾಡಿ ಅಭ್ಯಾಸ ಆದ ಗಂಟಲು. ಆ ‘ಅಚ್ಛಾ’ ಎಳೆಯೋದೂ ರಂಗದ ಮೇಲಿನದೇ.

ಇತ್ತ ಈ ಸಿನಿಮಾಗಳು, ಅತ್ತ ‘ಟೀನೇರ್ ತಲೋಯಾರ್’ನಂಥ ನಾಟಕ. 1993ರ ಆಗಸ್ಟ್ 19ರಂದು ತೀರಿಕೊಂಡರು. ಅದಕ್ಕೆ ಎರಡು ವರ್ಷ ಮೊದಲು ಸತ್ಯಜಿತ್ ರಾಯ್ ಅವರ ‘ಆಗಂತುಕ್’. ಎಷ್ಟೋ ವರ್ಷ ಊರು ಬಿಟ್ಟು ಅಲೆದು ಬಂದ ಮಾವ, ಇವನು ನಿಜವಾದ ಮಾವನೇನಾ ಅಂತ ಮನೆಯವರಿಗೇ ಅನುಮಾನ. ಭುವನ್ ಶೋಮ್ ಮೊದಲು ನೋಡಿ, ಆಮೇಲೆ ಗೋಲ್‌ಮಾಲ್, ಕೊನೆಗೆ ಇದು.