ವಿದ್ಯೆಯೂ ವರಮಾನವೂ

ಅಥಣಿಯ ಹಾದಿಯಲ್ಲಿರುವ ತಿಕೋಟಾದಿಂದಲೂ ಜಮಖಂಡಿಯ ಹಾದಿಯಲ್ಲಿರುವ ಬಬಲೇಶ್ವರದಿಂದಲೂ ಬೆಳಗಿನ ಬಸ್ಸುಗಳಲ್ಲಿ ವಿಜಯಪುರ ನಗರಕ್ಕೆ ಬಂದಿಳಿಯುವ ತರುಣ ತರುಣಿಯರಲ್ಲಿ ಕಾಲೇಜಿಗೆ ಹೋಗುವವರು ಕೆಲವರಾದರೆ, ಕಾಲೇಜನ್ನು ಮುಗಿಸಿದ ತರುವಾಯವೂ ಪಿ.ಎಸ್.ಐ., ಪಿ.ಡಿ.ಒ., ಎಫ್.ಡಿ.ಎ. ಎಂಬ ಸರ್ಕಾರಿ ನೌಕರಿಗಳ ಪರೀಕ್ಷೆಗಳ ಸಿದ್ಧತೆಗೆಂದು ಕೋಚಿಂಗ್ ಕ್ಲಾಸುಗಳ ಮೆಟ್ಟಿಲು ಹತ್ತುವವರು ಮತ್ತೆ ಕೆಲವರು. ಇವರನ್ನು ಕಂಡು, ದ್ರಾಕ್ಷಿಯ ತೋಟವನ್ನು ಪಡವೆನ್ನುವ ಊರ ಕಟ್ಟೆಯ ಹಿರಿಯರು, “ಇಷ್ಟ ಸಾಲಿ ಕಲ್ತು ಏನ್ ಬಂತೋ ತಮ್ಮಾ? ಪಡದಾಗ ದುಡದಿದ್ರ ನಾಕ್ ರೊಕ್ಕರೆ ಕಾಣ್ತಿದ್ದಿ” ಎನ್ನುವುದುಂಟು. ಆ ಮಾತಿನಲ್ಲಿ ಪರಿಹಾಸವೆಷ್ಟೋ ಅರ್ಥಶಾಸ್ತ್ರವೂ ಅಷ್ಟೇ ಅಡಗಿದೆ. ಏಕೆಂದರೆ ಓದಿನಿಂದ ಗಳಿಕೆ ಹೆಚ್ಚುವುದೇ, ಹೆಚ್ಚಿದರೆ ಎಷ್ಟು, ಯಾರಿಗೆ, ಎಂಬ ಪ್ರಶ್ನೆಗಳನ್ನೇ ಹಿಡಿದು ಕಳೆದ ಅರುವತ್ತು ವರ್ಷಗಳಲ್ಲಿ ಒಂದು ಶಾಸ್ತ್ರವೇ ಬೆಳೆದು ನಿಂತಿದೆ.

ವಿದ್ಯೆಯನ್ನು ಪುಣ್ಯವೆಂದೋ ಭೂಷಣವೆಂದೋ ಎಣಿಸುತ್ತಿದ್ದ ಲೋಕಕ್ಕೆ, ಅದು ಭೂಮಿ ಯಂತ್ರಗಳ ಹಾಗೆ ಹಣ ತೊಡಗಿಸಿ ಲಾಭ ಪಡೆಯಬಹುದಾದ ಬಂಡವಾಳವೂ ಹೌದೆಂದು 1961ರಲ್ಲಿ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಸ್ ಪ್ರತಿಪಾದಿಸಿದನು. 1964ರಲ್ಲಿ ಗ್ಯಾರಿ ಬೆಕರ್ ಅದಕ್ಕೆ ಗ್ರಂಥರೂಪ ಕೊಟ್ಟನು. ಹೀಗೆ ಹುಟ್ಟಿದ ‘ಮಾನವ ಬಂಡವಾಳ’ವನ್ನು ಅಳೆಯುವ ಸಮೀಕರಣವನ್ನು 1974ರಲ್ಲಿ ವಿಸ್ತಾರವಾಗಿ ನಿರೂಪಿಸಿದವನು ಜೇಕಬ್ ಮಿನ್ಸರ್. ಅದರ ತಾತ್ಪರ್ಯ ಸರಳವಾದುದು: ಶಾಲೆಯಲ್ಲಿ ಕಳೆದ ಒಂದೊಂದು ಹೆಚ್ಚಿನ ವರ್ಷವೂ ವೇತನಕ್ಕೆ ಇಂತಿಷ್ಟು ರೂಪಾಯಿಯನ್ನಲ್ಲ, ಇಂತಿಷ್ಟು ಪ್ರಮಾಣವನ್ನು ಕೂಡಿಸುತ್ತದೆ, ಅನುಭವದ ವರ್ಷಗಳು ಮತ್ತೊಂದಿಷ್ಟನ್ನು, ಆದರೆ ಬರಬರುತ್ತ ಕಡಮೆಯಾಗಿ, ಕೂಡಿಸುತ್ತವೆ. ಅನೇಕಾನೇಕ ದೇಶಗಳ ಗಣನೆಗಳನ್ನು ಒಟ್ಟುಗೂಡಿಸಿ ಸಾಕರೋಪೌಲೋಸ್ ಮತ್ತು ಪಾಟ್ರಿನೋಸ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಆ ಪ್ರಮಾಣ ಜಗತ್ತಿನ ಸರಾಸರಿಯಲ್ಲಿ ವರ್ಷವೊಂದಕ್ಕೆ ಸುಮಾರು ಶೇಕಡಾ 9.

ಸರಾಸರಿಯೆಂಬುದು ವ್ಯಕ್ತಿಯ ಜಾತಕವಲ್ಲವೆಂಬುದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಈ ನಗರದವರು ದೂರ ಹೋಗಬೇಕಾಗಿಲ್ಲ. ಇಂದು ಇಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುತ್ತಿರುವ ಬಿ.ಎಲ್.ಡಿ.ಇ. ಸಂಸ್ಥೆಯನ್ನು 1910ರಲ್ಲಿ ಹುಟ್ಟುಹಾಕಿದ ಫ. ಗು. ಹಳಕಟ್ಟಿಯವರು ಸ್ವತಃ ಕಾನೂನಿನ ಪದವೀಧರರು, ವಿಜಯಪುರದ ವಕೀಲರು. ಆದರೆ ವಚನಗಳ ತಾಳೆಗರಿಗಳನ್ನು ಕಲೆಹಾಕಿ ಅಚ್ಚುಹಾಕಿಸುವ ವ್ರತಕ್ಕಾಗಿ ತಮ್ಮ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದವರು. ಮಿನ್ಸರನ ಕೋಷ್ಟಕದಲ್ಲಿ ಇಂಥವರನ್ನು ಸೇರಿಸಿದರೆ ಲೆಕ್ಕ ಕೆಟ್ಟೀತು. ಸೇರಿಸದಿದ್ದರೆ ಲೆಕ್ಕಕ್ಕೇ ಒಂದು ಕುಂದು.

ಓದಿದವರು ಹೆಚ್ಚು ಗಳಿಸುತ್ತಾರೆಂಬುದು ನಿಜವಾದರೂ, ಓದಿದ್ದರಿಂದಲೇ ಗಳಿಸುತ್ತಾರೆಂಬುದು ಬೇರೆಯೇ ವಾದ. ನೀರಾವರಿ ಹೊಲವುಳ್ಳ ಮನೆಯ, ಬುದ್ಧಿಯೂ ಆರೋಗ್ಯವೂ ಇರುವ ಹುಡುಗನೇ ಕಾಲೇಜು ಸೇರುವುದು ಹೆಚ್ಚಾದುದರಿಂದ, ಕಾಲೇಜಿಲ್ಲದಿದ್ದರೂ ಅವನು ಮುಂದೆ ಬರುತ್ತಿದ್ದನೆಂದು ಆಕ್ಷೇಪಿಸಬಹುದು. ಈ ತೊಡಕನ್ನು ಬಿಡಿಸಲು ಆಶೆನ್‌ಫೆಲ್ಟರ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಟ್ವಿನ್ಸ್‌ಬರ್ಗ್ ಎಂಬ ಊರಿನ ಅವಳಿಗಳ ಉತ್ಸವಕ್ಕೆ ಹೋಗಿ, ಒಂದೇ ಬಸಿರಿನ, ಒಂದೇ ಮನೆಯ, ಆದರೆ ಓದಿನಲ್ಲಿ ಭಿನ್ನರಾದ ಸೋದರ ಸೋದರಿಯರನ್ನು ಪ್ರಶ್ನಿಸಿದರು. ವರ್ಷವೊಂದರ ಓದಿನ ಫಲ ಶೇಕಡಾ 12ರಿಂದ 16ರಷ್ಟಿದೆಯೆಂದು 1994ರಲ್ಲಿ ಪ್ರಕಟಿಸಿದರು. ಇಂಡೊನೇಷ್ಯಾ ಸರ್ಕಾರ 1973ರಿಂದ 1978ರ ಒಳಗೆ ಕಟ್ಟಿಸಿದ 61,000ಕ್ಕೂ ಮಿಕ್ಕಿದ ಶಾಲೆಗಳನ್ನು ಹಿಡಿದು ಎಸ್ತರ್ ಡುಫ್ಲೊ ಕಂಡುಕೊಂಡ ಅಂಕಿ ಶೇಕಡಾ 6.8ರಿಂದ 10.6. ಅಂಕಿಗಳು ಹೊಂದದಿದ್ದರೂ ಎರಡೂ ಶೂನ್ಯದಿಂದ ದೂರವೇ ಇವೆ. ಓದು ಫಲಿಸುತ್ತದೆ, ಇಂದಿಗೂ ಫಲಿಸುತ್ತದೆ. ಈ ಮಟ್ಟಿಗೆ ಕಟ್ಟೆಯ ಹಿರಿಯರು ಸೋತರು.

ಆದರೆ ಅವರ ಮಾತಿನ ಉಳಿದರ್ಧ ಸುಲಭವಾಗಿ ಸೋಲುವಂತಹುದಲ್ಲ. ಮೈಕೆಲ್ ಸ್ಪೆನ್ಸ್ 1973ರಲ್ಲಿ ತೋರಿಸಿದಂತೆ, ಪದವಿಯು ಕೌಶಲವನ್ನೇನೂ ಹೆಚ್ಚಿಸದೆ, ‘ಇವನು ಕಷ್ಟಸಹಿಷ್ಣು, ಗ್ರಹಣಶಕ್ತಿಯುಳ್ಳವನು’ ಎಂಬ ಸಂಜ್ಞೆಯನ್ನಷ್ಟೇ ಕೊಟ್ಟರೂ ವೇತನ ಏರಬಲ್ಲುದು. ಸಂಜ್ಞೆಗೆ ಬೆಲೆ ಬರುವುದು ಅದು ವಿರಳವಾಗಿದ್ದಾಗ. ಎಲ್ಲರೂ ಪದವೀಧರರಾದ ಮೇಲೆ ಆಯ್ಕೆಗಾರನು ಮತ್ತೊಂದು ಜರಡಿಯನ್ನು ಹಿಡಿಯುತ್ತಾನೆ; ವಿಜಯಪುರದ ಕೋಚಿಂಗ್ ಕ್ಲಾಸುಗಳು ಆ ಎರಡನೆಯ ಜರಡಿಯ ಸುತ್ತ ಬೆಳೆದ ಉದ್ಯಮ.

ಇಲ್ಲಿ ಒಂದು ಊಹಾಲೆಕ್ಕವನ್ನು ಮಾಡಬಹುದು. ಪಿಯುಸಿ ಮುಗಿಸಿದವನಿಗೆ ತಿಂಗಳಿಗೆ 12,000 ರೂಪಾಯಿ ಸಂಬಳವೆಂದೂ, ಪದವಿಯ ಮೂರು ವರ್ಷಗಳು ಒಂದೊಂದೂ ಶೇಕಡಾ 9ನ್ನು ಕೂಡಿಸುತ್ತವೆಯೆಂದೂ ಇಟ್ಟುಕೊಂಡರೆ, ಪದವೀಧರನ ಸಂಬಳ ಸುಮಾರು 15,540. ವರ್ಷಕ್ಕೆ ಬಂದ ಹೆಚ್ಚಳ ಸುಮಾರು 42,500; ಓದುತ್ತಿದ್ದಾಗ ಕಳೆದುಕೊಂಡ ಮೂರು ವರ್ಷಗಳ ಸಂಬಳ 4,32,000. ಫೀ, ಪುಸ್ತಕ, ಬಡ್ಡಿಗಳನ್ನು ಬಿಟ್ಟರೂ ಅದು ಮರಳಿ ಕೈಸೇರಲು ಹತ್ತು ವರ್ಷ ಬೇಕು. ಪದವಿಯ ಮೇಲೆ ಎರಡು ವರ್ಷ ಕೋಚಿಂಗಿನಲ್ಲಿಯೂ ಬಾಡಿಗೆ ಕೋಣೆಯಲ್ಲಿಯೂ ಕಳೆದರೆ, ಹತ್ತು ಹದಿನೇಳಾಗುತ್ತದೆ. ಓದಿನ ಲಾಭವನ್ನು ನುಂಗುವುದು ಓದಿಗಿಂತ ಹೆಚ್ಚಾಗಿ ಓದಿನ ನಂತರದ ನಿರೀಕ್ಷೆ. 2024ರ ಜನವರಿಯಲ್ಲಿ ಆರಂಭವಾದ ರಾಜ್ಯದ ಯುವನಿಧಿ ಯೋಜನೆ, ತೇರ್ಗಡೆಯಾದ 180 ದಿನಗಳೊಳಗೆ ಕೆಲಸ ಸಿಗದ ಪದವೀಧರನಿಗೆ ಎರಡು ವರ್ಷ ಮೀರದಂತೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ನಮ್ಮ ಊಹಾಲೆಕ್ಕದಲ್ಲಿ ಅದು ಕಳೆದುಹೋದ ಸಂಬಳದ ನಾಲ್ಕನೆಯ ಒಂದು ಪಾಲು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಹಯೋಗದಲ್ಲಿ 2024ರಲ್ಲಿ ಹೊರಬಂದ ಭಾರತದ ಉದ್ಯೋಗ ವರದಿಯು, 2022ರಲ್ಲಿ ತರುಣ ಪದವೀಧರರಲ್ಲಿ ನಿರುದ್ಯೋಗ ಶೇಕಡಾ 29.1 ಇದ್ದಿತೆಂದೂ, ಓದುಬರಹ ಬಾರದ ತರುಣರಲ್ಲಿ ಅದು ಕೇವಲ 3.4 ಎಂದೂ ಹೇಳಿದಾಗ, ಓದೇ ನಿರುದ್ಯೋಗದ ಮೂಲವೆಂದು ಹಲವರು ಬಗೆದರು. ಹಾಗಲ್ಲ. ಅನಕ್ಷರಸ್ಥನು ನಿರುದ್ಯೋಗಿಯಾಗಿ ಒಂದು ತಿಂಗಳೂ ಇರಲಾರನು. ಸಿಕ್ಕ ಕೂಲಿಯನ್ನು ಹಿಡಿಯಲೇಬೇಕು. ಕಾಯಬಲ್ಲವನಷ್ಟೇ ನಿರುದ್ಯೋಗಿಯ ಪಟ್ಟಿಯಲ್ಲಿ ಕಾಣಬರುತ್ತಾನೆ, ಮತ್ತು ಅವನು ಕಾಯಲು ಆಸರೆಯಾಗಿರುವುದು ತಂದೆಯ ಹೊಲ.

ಆ ಹೊಲದ ಕಥೆಯೇ ನನಗೆ ಈ ವಿಷಯದಲ್ಲೆಲ್ಲ ಅತ್ಯಂತ ಸ್ವಾರಸ್ಯವಾಗಿ ತೋರುವುದು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಆಳದ ಬೋರ್‌ವೆಲ್ಲನ್ನೂ ಬೇಸಿಗೆಯ ಟ್ಯಾಂಕರನ್ನೂ ನಂಬಿ ದ್ರಾಕ್ಷಿಯನ್ನು ಬದುಕಿಸಿಕೊಂಡಿದ್ದ ರೈತರಿಗೆ, ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಕೆರೆಕಾಲುವೆಗಳಿಗೆ ಏರಿಬರತೊಡಗಿದ ಮೇಲೆ ಬೇಸಾಯದ ಸ್ವರೂಪವೇ ಬದಲಾಯಿತು. ದ್ರಾಕ್ಷಿಯ ಪಡವೆಂದರೆ ಅಜ್ಜನಿಂದ ಕಲಿತ ಜೋಳದ ಬಿತ್ತನೆಯಲ್ಲ. ಏಪ್ರಿಲ್ ಚಾಟ್ನಿಯ, ಎಂದರೆ ಬಳ್ಳಿ ಸವರುವ ಕೆಲಸದ, ನಂತರದ ವಾರಗಳಲ್ಲಿ ಮೊಗ್ಗಿನೊಳಗೆ ಕಣ್ಣಿಗೆ ಕಾಣದಂತೆ ಗೊಂಚಲಿನ ಅಂಕುರ ರೂಪುಗೊಳ್ಳುವುದರಿಂದ, ಆಗಿನ ನೀರು ಗೊಬ್ಬರಗಳ ಹದವೇ ಅಕ್ಟೋಬರ್ ಚಾಟ್ನಿಯ ಮುಂದಿನ ಫಸಲನ್ನು ನಿರ್ಣಯಿಸುತ್ತದೆ. ಒಣದ್ರಾಕ್ಷಿ ಮಾಡುವಾಗ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಿನಲ್ಲಿ ಅದ್ದುವುದು, ಸಿಪ್ಪೆಯ ಮೇಣದ ಪದರು ಸಡಿಲಿ ತೇವ ಬೇಗ ಹೊರಹೋಗಲೆಂದು. ಅದರ ಪ್ರಮಾಣ ತಪ್ಪಿದರೆ ಬಣ್ಣ ಕೆಡುತ್ತದೆ. ನಾಲ್ಕು ಕಿಲೋ ಹಣ್ಣಿನಿಂದ ಒಂದು ಕಿಲೋ ಮಾತ್ರ ದೊರೆಯುವ ಆ ಸರಕನ್ನು ಕೂಡಲೇ ಮಾರುವುದೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ತಾಸಗಾಂವ್, ಸಾಂಗ್ಲಿಗಳ ಧಾರಣೆಯನ್ನು ಕಾಯುವುದೋ ಎಂಬುದು ಮತ್ತೊಂದು ವಿವೇಕ.

ಇಂಥಲ್ಲಿ ಓದಿನ ಬೆಲೆ ಏನಾಗುತ್ತದೆ? ಆಂಡ್ರ್ಯೂ ಫಾಸ್ಟರ್ ಮತ್ತು ಮಾರ್ಕ್ ರೋಸೆನ್‌ಜ್ವೈಗ್ 1996ರಲ್ಲಿ ಭಾರತದ ಹಸಿರು ಕ್ರಾಂತಿಯ ಕಾಲದ ಗ್ರಾಮೀಣ ಕುಟುಂಬಗಳ ಅಂಕಿಗಳನ್ನು ಪರಿಶೀಲಿಸಿ, ಹೊಸ ತಳಿಗಳು ಬೇಗ ಹಬ್ಬಿದ ಪ್ರದೇಶಗಳಲ್ಲಿ ಶಾಲೆ ಕಲಿತ ರೈತನಿಗೆ ದೊರೆತ ಲಾಭ, ಬೇಸಾಯ ಮಂದವಾಗಿ ಬದಲಾದ ಕಡೆಗಿಂತ ಅಧಿಕವೆಂದು ತೋರಿಸಿದರು. ಶುಲ್ಟ್ಸನು 1975ರಲ್ಲಿ ಹೇಳಿದ್ದುದೂ ಇದನ್ನೇ: ಹಳೆಯ ಸಮತೋಲ ಕೆಟ್ಟು ಹೊಸದು ಇನ್ನೂ ನೆಲೆಗೊಳ್ಳದ ಸಂಧಿಕಾಲದಲ್ಲಿ ವಿದ್ಯಾವಂತನು ಬೇಗ ಹೊಂದಿಕೊಳ್ಳುತ್ತಾನೆ. ವಿದ್ಯೆಯ ಫಲ ಪ್ರಮಾಣಪತ್ರದೊಳಗೆ ಇರುವುದಲ್ಲ. ಸುತ್ತಲಿನ ಕಸುಬು ಎಷ್ಟು ವೇಗವಾಗಿ ಬದಲಾಗುತ್ತಿದೆಯೆಂಬುದರ ಮೇಲೆ ನಿಂತಿದೆ. ಫಾಸ್ಟರ್ ಮತ್ತು ರೋಸೆನ್‌ಜ್ವೈಗರ ಶೋಧ ಪ್ರಾಥಮಿಕ ಶಾಲೆಯನ್ನು ಕುರಿತುದೇ ಹೊರತು ಬಿ.ಎ. ಪದವಿಯನ್ನಲ್ಲವೆಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಔಷಧದ ಡಬ್ಬಿಯ ಮೇಲಿನ ಪ್ರಮಾಣವನ್ನು ಓದುವುದರಿಂದ ಹಿಡಿದು ರಫ್ತಿನ ದ್ರಾಕ್ಷಿಯಲ್ಲಿ ವಿಷಶೇಷದ ಮಿತಿಯನ್ನು ತಿಳಿಯುವವರೆಗೆ ಬೇಸಾಯವೇ ಏರಿರುವಾಗ, ಆಗಿನ ನಾಲ್ಕನೆಯ ತರಗತಿಯ ಕೆಲಸವನ್ನು ಈಗ ಮಾಡಲು ಮತ್ತಷ್ಟು ಓದು ಬೇಕಾಗಿರುವುದು ಅಸಂಭವವಲ್ಲ. ಪಡದಲ್ಲಿ ದುಡಿ ಎಂದ ಹಿರಿಯರೂ ಚಾಟ್ನಿಯ ದಿನ ಸಲಹೆ ಕೇಳುವುದು ಓದಿದ ಮಗನನ್ನೇ.

ಇಷ್ಟೂ ಹೊಲವುಳ್ಳವರ ಮಾತು. ಈ ತಾಲೂಕುಗಳ ತಾಂಡಾಗಳಿಂದ ದುಡಿಯಲು ಗೋವೆಗೂ ಮಹಾರಾಷ್ಟ್ರಕ್ಕೂ ಗುಳೆ ಹೋಗುವ ಕುಟುಂಬದ ಹುಡುಗನಿಗೆ ವಿದ್ಯೆಯನ್ನು ಹೂಡಲು ಪಡವೇ ಇಲ್ಲ. ನೌಕರಿಯ ಪರೀಕ್ಷೆ ಅವನಿಗೆ ಹುಚ್ಚು ಹಂಬಲವಲ್ಲ, ಇದ್ದೊಂದೇ ಬಾಗಿಲು. ಒಂದೇ ಪದವಿ ಒಬ್ಬನಿಗೆ ಲಾಭದ ಮೇಲೆ ಲಾಭ, ಮತ್ತೊಬ್ಬನಿಗೆ ಸಾಲದ ಮೇಲಿನ ಪಣ.

ಇನ್ನು ಹೆಣ್ಣುಮಕ್ಕಳ ಲೆಕ್ಕ. 2003ರಲ್ಲಿ ಸ್ಥಾಪಿತವಾಗಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯ ಇರುವುದು ಇದೇ ವಿಜಯಪುರದ ತೊರವಿಯಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಿಕೋಟಾದ ಹುಡುಗಿಗೆ ಅಲ್ಲಿಯವರೆಗಿನ ಸಾರಿಗೆ ಬಸ್ಸಿನ ಖರ್ಚೂ ಇಲ್ಲ. ಜಾಗತಿಕ ಸಮೀಕ್ಷೆಗಳಲ್ಲಿ ಓದಿನ ಪ್ರತಿಫಲ ಪುರುಷರಿಗಿಂತ ಸ್ತ್ರೀಯರಿಗೇ ಹೆಚ್ಚೆಂದು ಬರುತ್ತದೆ. ಆದರೆ ಆ ಅಂಕಿ ಸಂಬಳ ಪಡೆಯುವ ಸ್ತ್ರೀಯರದು ಮಾತ್ರ; ಎಂ.ಎ. ಮುಗಿಸಿ ಮದುವೆಯಾಗಿ, ಗಂಡನ ಪಡದ ಕೂಲಿಯ ಪಟ್ಟಿಯನ್ನೂ ಔಷಧದ ಲೆಕ್ಕವನ್ನೂ ಬರೆದಿಡುವ ಸೊಸೆಗೆ ವೇತನವಿಲ್ಲವಾದುದರಿಂದ, ಅವಳ ಓದು ಫಲಿಸಿದ್ದು ಗಂಡನ ಆದಾಯದ ಹೆಸರಿನಲ್ಲಿ ನಮೂದಾಗುತ್ತದೆ.